ಟರ್ಬೊ ಪೆಟ್ರೋಲ್ ಕಾರಿಗೆ ಹೊರಗಿನ ಇಂಟೇಕ್ ಭಾಗಗಳನ್ನು ಅಳವಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಈಗ ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿವೆ. ಅವುಗಳ ಜೊತೆಯಲ್ಲೇ ಹೊರಗಿನ, ಅಂದರೆ ಕಾರು ಕಂಪನಿಯದಲ್ಲದ, ಏರ್ ಫಿಲ್ಟರ್, ಇಂಟೇಕ್ ಕಿಟ್, ಸಿಲಿಕಾನ್ ಹೋಸ್ ಮುಂತಾದ ಭಾಗಗಳ ಮಾರುಕಟ್ಟೆಯೂ ಬೆಳೆದಿದೆ. ಈ ಉತ್ತರಗಳಲ್ಲಿ ಮುಖ್ಯ ಉದಾಹರಣೆಯಾಗಿ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳ ಇಎ211 ಕುಟುಂಬದ ಟಿಎಸ್ಐ ಎಂಜಿನ್‌ಗಳನ್ನು ತೆಗೆದುಕೊಂಡಿದೆ. 2020ರಲ್ಲಿ ಪೋಲೊಗೆ ಬಂದ 110 ಪಿಎಸ್‌ನ 1.0 ಟಿಎಸ್ಐ, ಆಮೇಲೆ ಕುಶಾಕ್, ಟೈಗನ್, ಸ್ಲಾವಿಯಾ, ವರ್ಟಸ್ ಕಾರುಗಳಲ್ಲಿ ಬಂದ 115 ಪಿಎಸ್‌ನ 1.0 ಹಾಗೂ 150 ಪಿಎಸ್‌ನ 1.5 ಎಂಜಿನ್‌ಗಳು ಈ ಕುಟುಂಬದವು. ಉಳಿದ ಕಂಪನಿಗಳ ಟರ್ಬೊ ಪೆಟ್ರೋಲ್ ಕಾರುಗಳಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ. ಎಲ್ಲಿ ಅನ್ವಯಿಸುವುದಿಲ್ಲವೋ ಅಲ್ಲಿ ಬೇರೆಯಾಗಿ ಹೇಳಿದೆ.

ಇಂಟೇಕ್ ಭಾಗಗಳು ಎಂದರೆ ಯಾವುವು?

ಹೊರಗಿನ ಗಾಳಿ ಎಂಜಿನ್ನಿನ ಸಿಲಿಂಡರ್ ತಲುಪುವವರೆಗೆ ಹಾದುಹೋಗುವ ಎಲ್ಲ ಭಾಗಗಳೂ ಈ ಹೆಸರಿನಡಿ ಬರುತ್ತವೆ. ಗ್ರಿಲ್ಲಿನ ಹಿಂದಿರುವ ಗಾಳಿ ನಳಿಕೆ, ಏರ್ ಫಿಲ್ಟರ್ ಡಬ್ಬಿ, ಅದರೊಳಗಿನ ಫಿಲ್ಟರ್, ಅಲ್ಲಿಂದ ಟರ್ಬೊ ಬಾಯಿಯವರೆಗಿನ ಇನ್‌ಲೆಟ್ ಪೈಪ್, ಟರ್ಬೊವಿನ ಕಂಪ್ರೆಸರ್, ಅದರಿಂದ ಹೊರಟ ಚಾರ್ಜ್ ಪೈಪ್, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ, ಅದನ್ನು ಸಿಲಿಂಡರ್‌ಗಳಿಗೆ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಇವೆಲ್ಲ ಈ ಸಾಲಿನಲ್ಲಿವೆ.

ಇಡೀ ದಾರಿಯನ್ನು ಎರಡು ಭಾಗವಾಗಿ ನೋಡುವ ಅಭ್ಯಾಸ ಮಾಡಿಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಟರ್ಬೊವಿಗಿಂತ ಮೊದಲಿನ ಭಾಗದಲ್ಲಿ ಗಾಳಿಯ ಒತ್ತಡ ಹೊರಗಿಗಿಂತ ತುಸು ಕಡಿಮೆ ಇರುತ್ತದೆ. ಆದ್ದರಿಂದ ಅಲ್ಲಿ ಬಿರುಕೊಂದಿದ್ದರೆ ಸೋಸದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಟರ್ಬೊವಿನ ನಂತರದ ಭಾಗದಲ್ಲಿ, ಬೂಸ್ಟ್ (ಟರ್ಬೊ ಒತ್ತಿ ಕೊಡುವ ಹೆಚ್ಚುವರಿ ಒತ್ತಡ) ಇರುವಾಗ, ಒತ್ತಡ ಹೊರಗಿಗಿಂತ ಹೆಚ್ಚು. ಅಲ್ಲಿ ಬಿರುಕಿದ್ದರೆ ಒತ್ತಿದ ಗಾಳಿ ಹೊರಗೆ ಸೋರಿಹೋಗುತ್ತದೆ. ಮೊದಲನೆಯದರಿಂದ ಎಂಜಿನ್ ಸವೆಯುತ್ತದೆ, ಎರಡನೆಯದರಿಂದ ಪಿಕಪ್ ಬೀಳುತ್ತದೆ. ಪಿಕಪ್ ಬಿದ್ದರೆ ಮಾಲೀಕರಿಗೆ ಕೂಡಲೇ ಗೊತ್ತಾಗುತ್ತದೆ. ಸವೆತ ಮಾತ್ರ ವರ್ಷಗಳ ತನಕ ಕಾಣಿಸಿಕೊಳ್ಳುವುದಿಲ್ಲ, ಆದ್ದರಿಂದ ಅದೇ ಹೆಚ್ಚು ಅಪಾಯಕಾರಿ.

ಇಂಟೇಕ್ ಬದಲಿಸಿದರೆ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆಯೇ?

ಕಂಪನಿಯ ಸಾಫ್ಟ್‌ವೇರನ್ನು ಮುಟ್ಟದ ಟರ್ಬೊ ಕಾರಿನಲ್ಲಿ ಬಹಳ ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಗಾಳಿಯ ದಾರಿ ಸಡಿಲವಾದಷ್ಟೂ ಸಿಲಿಂಡರ್‌ಗೆ ಹೆಚ್ಚು ಗಾಳಿ ಹೋಗುತ್ತದೆ. ಟರ್ಬೊ ಎಂಜಿನ್‌ನಲ್ಲಿ ಎಷ್ಟು ಗಾಳಿ ಬೇಕೆಂಬುದನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮೊದಲೇ ನಿರ್ಧರಿಸಿರುತ್ತದೆ. ಮ್ಯಾನಿಫೋಲ್ಡ್‌ನಲ್ಲಿ ಇಂತಿಷ್ಟು ಒತ್ತಡ ಇರಲೇಬೇಕೆಂದು ಅದು, ಟರ್ಬೊವನ್ನು ತಿರುಗಿಸುವ ಹೊಗೆಯನ್ನು ಬದಿಗೆ ಬಿಡುವ ವೇಸ್ಟ್‌ಗೇಟನ್ನು ತೆರೆದು ಮುಚ್ಚುತ್ತ ಇರುತ್ತದೆ. ಫಿಲ್ಟರಿನ ತಡೆ ಕಡಿಮೆಯಾದರೆ ಅದೇ ಒತ್ತಡವನ್ನು ಟರ್ಬೊ ಸ್ವಲ್ಪ ಕಡಿಮೆ ಶ್ರಮದಲ್ಲಿ ಮುಟ್ಟುತ್ತದೆ, ಆದರೆ ಗುರಿ ಬದಲಾಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಇಸಿಯು ಕೇಳುವ ಒಟ್ಟು ಒತ್ತಡ 180 ಕಿಲೋಪ್ಯಾಸ್ಕಲ್ ಎಂದೂ, ಪೂರ್ತಿ ವೇಗದಲ್ಲಿ ಮೂಲ ಫಿಲ್ಟರ್ ಮತ್ತು ಡಬ್ಬಿ ಸೇರಿ 4 ಕಿಲೋಪ್ಯಾಸ್ಕಲ್ ತಡೆ ಒಡ್ಡುತ್ತವೆ ಎಂದೂ ಇಟ್ಟುಕೊಳ್ಳಿ. ಆಗ ಟರ್ಬೊ 87ರಿಂದ 180ಕ್ಕೆ, ಅಂದರೆ 2.07 ಪಟ್ಟು ಒತ್ತಬೇಕು. ಒಳಬರುವ ಗಾಳಿ 30 ಡಿಗ್ರಿ ಇದ್ದು ಕಂಪ್ರೆಸರಿನ ದಕ್ಷತೆ ಶೇಕಡಾ 70 ಇದ್ದರೆ ಹೊರಬರುವ ಗಾಳಿಯ ಉಷ್ಣತೆ ಸುಮಾರು 130 ಡಿಗ್ರಿ ಆಗುತ್ತದೆ. ಈಗ ಒಳ್ಳೆಯ ಫಿಲ್ಟರ್ ಹಾಕಿ ತಡೆಯನ್ನು ಅರ್ಧಕ್ಕೆ ಇಳಿಸಿದಿರಿ ಎನ್ನಿ. ಒತ್ತುವ ಪ್ರಮಾಣ 2.02ಕ್ಕೆ ಇಳಿಯುತ್ತದೆ, ಉಷ್ಣತೆ ಸುಮಾರು 126 ಡಿಗ್ರಿಗೆ ಇಳಿಯುತ್ತದೆ. ಸಿಕ್ಕಿದ ಲಾಭ ನಾಲ್ಕು ಡಿಗ್ರಿ.

ಅದೇ ಕಾರಿಗೆ ಬಾನೆಟ್ಟಿನೊಳಗೆ ತೆರೆದಿರುವ ಕೋನ್ ಫಿಲ್ಟರ್ ಹಾಕಿ, ಅದು ರೇಡಿಯೇಟರಿನ ಹಿಂದಿನ ಬಿಸಿ ಗಾಳಿಯನ್ನು 50 ಡಿಗ್ರಿಯಲ್ಲಿ ಎಳೆಯುವಂತಾದರೆ ಏನಾಗುತ್ತದೆ? ತಡೆ ಇಳಿದ ಲಾಭವನ್ನು ಲೆಕ್ಕಕ್ಕೆ ಹಿಡಿದರೂ ಕಂಪ್ರೆಸರಿನಿಂದ ಹೊರಬರುವ ಗಾಳಿ 150 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಇದರಲ್ಲಿ ಬಹುಪಾಲನ್ನು ಇಳಿಸುತ್ತದೆ ನಿಜ, ಆದರೆ ಪೂರ್ತಿ ಇಳಿಸಲಾರದು. ಇಂಟೇಕ್ ಗಾಳಿ ಬಿಸಿಯಾದಷ್ಟೂ ನಾಕಿಂಗ್ (ಮಿಶ್ರಣ ಅಕಾಲದಲ್ಲಿ ತಾನಾಗಿ ಸಿಡಿಯುವುದು) ಆಗದಂತೆ ಇಸಿಯು ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ನಿಂತು ನಿಂತು ಸಾಗುವ ಕಾರಿನ ಬಾನೆಟ್ ಒಳಗೆ 50 ಡಿಗ್ರಿ ಎಂಬುದು ಹೆಚ್ಚಿನ ಅಂದಾಜೇನೂ ಅಲ್ಲ. ತಡೆ ಕಡಿಮೆ ಮಾಡುವುದಕ್ಕಿಂತ ತಣ್ಣನೆಯ ಗಾಳಿ ಕೊಡುವುದು ಎಷ್ಟೋ ಪಾಲು ಮುಖ್ಯ ಎಂಬುದೇ ಈ ಲೆಕ್ಕ ಹೇಳುವ ಮಾತು, ಮತ್ತು ಯಾವ ಕಿಟ್ಟನ್ನು ನೋಡುವಾಗಲೂ ನಾನು ಮೊದಲು ಕೇಳುವುದು ಅದು ಗಾಳಿಯನ್ನು ಎಲ್ಲಿಂದ ಎಳೆಯುತ್ತದೆ ಎಂದೇ.

ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಹಾಳೆಯನ್ನು ತೋರಿಸಿ ಮಾರುವವರಿದ್ದರೆ ಆ ಅಳತೆಯ ವೇಳೆ ಬಾನೆಟ್ ತೆರೆದಿತ್ತೇ ಎಂದು ವಿಚಾರಿಸಿ. ಬಾನೆಟ್ ತೆರೆದು ಎದುರಿಗೆ ದೊಡ್ಡ ಫ್ಯಾನ್ ಇಟ್ಟರೆ ಯಾವ ತೆರೆದ ಫಿಲ್ಟರ್ ಆದರೂ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ. ರಸ್ತೆಯಲ್ಲಿ ಆ ಅನುಕೂಲ ಇರುವುದಿಲ್ಲ. ಅಲ್ಲದೆ ಒಂದೇ ಕಾರನ್ನು ಒಂದೇ ದಿನ ಎರಡು ಸಲ ಅಳೆದರೂ ಅಂಕಿಯಲ್ಲಿ ತುಸು ಏರುಪೇರು ಇದ್ದೇ ಇರುತ್ತದೆ, ಫಿಲ್ಟರ್ ಒಂದರಿಂದ ಬಂದ ಲಾಭ ಅನೇಕ ವೇಳೆ ಆ ಏರುಪೇರಿನೊಳಗೇ ಅಡಗಿಹೋಗುತ್ತದೆ.

ಹಾಗಾದರೆ ಇಂಟೇಕ್ ಬದಲಿಸುವುದು ಯಾರಿಗೆ ಪ್ರಯೋಜನ?

ರೀಮ್ಯಾಪ್ ಮಾಡಿಸಿ, ಅಂದರೆ ಇಸಿಯುವಿನ ಸಾಫ್ಟ್‌ವೇರ್ ಬದಲಿಸಿ, ಬೂಸ್ಟ್ ಗುರಿಯನ್ನು ಏರಿಸಿದವರಿಗೆ. ಒಂದು ಲೀಟರಿನ ಎಂಜಿನ್ 5500 ಆರ್‌ಪಿಎಂನಲ್ಲಿ, ಮೇಲೆ ಹೇಳಿದ ಒತ್ತಡದಲ್ಲಿ, ನಿಮಿಷಕ್ಕೆ ಹೆಚ್ಚುಕಡಿಮೆ ಐದು ಸಾವಿರ ಲೀಟರ್ ಗಾಳಿ ಎಳೆಯುತ್ತದೆ. ಹರಿವು ಹೆಚ್ಚಿದಂತೆ ಫಿಲ್ಟರ್ ಮತ್ತು ಪೈಪಿನ ತಡೆ ಹರಿವಿಗಿಂತ ವೇಗವಾಗಿ ಹೆಚ್ಚುತ್ತದೆ, ಹಾಗಾಗಿ ಮೂಲ ಎಂಜಿನ್ನಿಗೆ ಸಾಕಾಗಿದ್ದ ಡಬ್ಬಿ ಟ್ಯೂನ್ ಆದ ಎಂಜಿನ್ನಿಗೆ ಮೇಲಿನ ಆರ್‌ಪಿಎಂನಲ್ಲಿ ಸಾಕಾಗದೆ ಇರಬಹುದು. ಟರ್ಬೊವಿನ ಸಿಳ್ಳು, ಗಾಳಿಯ ಭೋರ್ಗರೆತ ಕೇಳಬೇಕೆಂಬ ಆಸೆಯಿಂದ ಹಾಕಿಸುವವರೂ ಬಹಳ ಮಂದಿ ಇದ್ದಾರೆ. ಅದೂ ನ್ಯಾಯವಾದ ಆಸೆಯೇ. ಆದರೆ ಶಬ್ದಕ್ಕಾಗಿ ಹಾಕಿಸುತ್ತಿದ್ದೇವೆ ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೆ ಭಾಗದ ಆಯ್ಕೆಯೂ ಖರ್ಚಿನ ಮಿತಿಯೂ ತಾನಾಗಿ ನಿರ್ಧಾರವಾಗುತ್ತವೆ.

ಮೂಲ ಡಬ್ಬಿಯೊಳಗೆ ಕೂರುವ ಪ್ಯಾನೆಲ್ ಫಿಲ್ಟರ್ ಒಳ್ಳೆಯದೋ, ಕೋನ್ ಫಿಲ್ಟರ್ ಇರುವ ಪೂರ್ತಿ ಕಿಟ್ ಒಳ್ಳೆಯದೋ?

ಮೂಲ ಸಾಫ್ಟ್‌ವೇರ್ ಇರುವ ಕಾರಿಗೆ ಪ್ಯಾನೆಲ್ ಫಿಲ್ಟರೇ ಸಾಕು, ಅದೂ ಕೂಡ ತೊಳೆದು ಮತ್ತೆ ಬಳಸಬಹುದೆಂಬ ಅನುಕೂಲಕ್ಕೆ. ಮೂಲ ಡಬ್ಬಿ ಗ್ರಿಲ್ಲಿನ ಹಿಂದಿನಿಂದ ಹೊರಗಿನ ಗಾಳಿಯನ್ನೇ ಎಳೆಯುತ್ತದೆ ಮತ್ತು ಮಳೆನೀರನ್ನು ಬೇರ್ಪಡಿಸುವ ತಿರುವುಗಳು ಅದರಲ್ಲಿವೆ. ಆ ವಿನ್ಯಾಸವನ್ನು ಬಿಟ್ಟುಕೊಡಲು ಬಲವಾದ ಕಾರಣ ಬೇಕು.

ಪೂರ್ತಿ ಕಿಟ್ ಬೇಕೇ ಬೇಕೆಂದರೆ ಮುಚ್ಚಿದ ಡಬ್ಬಿ ಇರುವುದನ್ನೇ ಆರಿಸಿ. ಬರೀ ಒಂದು ಲೋಹದ ಹಾಳೆಯನ್ನು ಎಂಜಿನ್ ಕಡೆಗೆ ಅಡ್ಡವಿಟ್ಟು ಅದಕ್ಕೆ ಹೀಟ್ ಶೀಲ್ಡ್ ಎಂದು ಹೆಸರಿಟ್ಟ ಕಿಟ್‌ಗಳಿವೆ. ಬಾನೆಟ್ ಮುಚ್ಚಿದಾಗ ಆ ಹಾಳೆಯ ಮೇಲಂಚಿನ ರಬ್ಬರ್ ಬಾನೆಟ್ಟಿನ ಒಳಮೈಗೆ ತಾಗುತ್ತದೆಯೇ, ಮೂಲ ಗಾಳಿ ನಳಿಕೆ ನೇರವಾಗಿ ಆ ಆವರಣದೊಳಗೆ ಬಂದು ಸೇರುತ್ತದೆಯೇ ಎಂದು ನೋಡಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ತೆರೆದ ಫಿಲ್ಟರೇ.

ಹೊರಗಿನ ಫಿಲ್ಟರ್ ನಮ್ಮ ಧೂಳನ್ನು ತಡೆಯುತ್ತದೆಯೇ?

ಈ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳಬೇಕು, ಆದರೆ ಕೇಳುವವರು ಕಡಿಮೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯ ಧೂಳು, ರಸ್ತೆ ಅಗೆದಿಟ್ಟ ಬೆಂಗಳೂರಿನ ಬಡಾವಣೆಗಳ ಧೂಳು ಯುರೋಪಿನ ಹೆದ್ದಾರಿಯ ಧೂಳಿಗೆ ಸಮವಲ್ಲ. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಕಣ ಉಕ್ಕನ್ನೂ ತೇಯಬಲ್ಲಷ್ಟು ಗಟ್ಟಿ. ಅದು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸಿಕ್ಕರೆ ಎರಡನ್ನೂ ಸವೆಸುತ್ತದೆ. ಟರ್ಬೊ ಕಾರಿನಲ್ಲಿ ಅದಕ್ಕೂ ಮೊದಲು ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಕಂಪ್ರೆಸರಿನ ಅಲಗುಗಳಿಗೆ ಆ ಕಣ ಹೊಡೆಯುತ್ತದೆ, ಅಲಗಿನ ಮುಂಚೂಣಿ ಅಂಚು ಕ್ರಮೇಣ ಮೊಂಡಾಗುತ್ತದೆ.

ಏರ್ ಫಿಲ್ಟರ್‌ಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಗೊತ್ತಾದ ಗಾತ್ರದ ಧೂಳನ್ನು ಗೊತ್ತಾದ ಗಾಳಿಯ ಹರಿವಿನಲ್ಲಿ ಬಿಟ್ಟು, ಎಷ್ಟು ತೂಕದ ಧೂಳು ತಡೆದು ನಿಂತಿತು, ಎಷ್ಟು ದಾಟಿತು ಎಂದು ಅದರಲ್ಲಿ ಅಳೆಯುತ್ತಾರೆ. ಫಿಲ್ಟರ್ ಕೊಳ್ಳುವಾಗ ಗಾಳಿಯ ಹರಿವು ಎಷ್ಟು ಹೆಚ್ಚೆಂಬ ಅಂಕಿಯ ಜೊತೆಗೆ ಈ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ. ಶೇಕಡಾ 99.5 ತಡೆಯುವುದಕ್ಕೂ ಶೇಕಡಾ 98 ತಡೆಯುವುದಕ್ಕೂ ಓದುವಾಗ ಅಂತರ ಚಿಕ್ಕದಾಗಿ ಕಾಣುತ್ತದೆ. ಆದರೆ ಒಳಗೆ ಹೋದ ಧೂಳಿನ ಲೆಕ್ಕದಲ್ಲಿ ನೋಡಿದರೆ ಮೊದಲನೆಯದು ನೂರರಲ್ಲಿ ಅರ್ಧ ಪಾಲು ಬಿಟ್ಟಿತು, ಎರಡನೆಯದು ಎರಡು ಪಾಲು ಬಿಟ್ಟಿತು. ಅಂದರೆ ನಾಲ್ಕು ಪಟ್ಟು.

ಫಿಲ್ಟರಿನ ಬಟ್ಟೆಗಿಂತಲೂ ಹೆಚ್ಚಾಗಿ ಕೈಕೊಡುವುದು ಅದರ ಅಂಚು. ಹೊರಗಿನ ಪ್ಯಾನೆಲ್ ಫಿಲ್ಟರಿನ ರಬ್ಬರ್ ಅಂಚು ಮೂಲದ್ದಕ್ಕಿಂತ ಒಂದು ಮಿಲಿಮೀಟರ್ ತೆಳ್ಳಗಿದ್ದರೂ ಡಬ್ಬಿಯ ಮುಚ್ಚಳ ಅದನ್ನು ಒತ್ತಿ ಹಿಡಿಯುವುದಿಲ್ಲ. ಇದನ್ನು ಕಂಡುಹಿಡಿಯುವ ವಿಧಾನ ಸರಳ. ಹೊಸ ಫಿಲ್ಟರ್ ಹಾಕುವ ಮೊದಲು ಡಬ್ಬಿಯ ಸ್ವಚ್ಛ ಭಾಗವನ್ನು, ಅಂದರೆ ಫಿಲ್ಟರ್ ದಾಟಿದ ನಂತರದ ಭಾಗವನ್ನು, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಮುಚ್ಚಳ ತೆಗೆದು ಅದೇ ಜಾಗವನ್ನು ಬಿಳಿ ಹತ್ತಿಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕೆಂಬಣ್ಣದ ನುಣುಪು ಪುಡಿ ಕಂಡರೆ ಸೋರಿಕೆ ಇದೆ ಎಂದೇ ಅರ್ಥ. ಆಗ ರಬ್ಬರ್ ಅಂಚನ್ನು ಸುತ್ತಲೂ ನೋಡಿ. ಚೆನ್ನಾಗಿ ಒತ್ತಿಕೊಂಡಿರುವ ಕಡೆ ಅಂಚಿನ ಮೇಲೆ ಸ್ವಚ್ಛವಾದ ಗೆರೆ ಇರುತ್ತದೆ, ಸೋರುವ ಕಡೆ ಧೂಳಿನ ಗೀಟು ಆ ಗೆರೆಯನ್ನು ಅಡ್ಡ ದಾಟಿರುತ್ತದೆ. ಅಂಥ ಫಿಲ್ಟರನ್ನು ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ ತೆಗೆದುಹಾಕಿ.

ಎಣ್ಣೆ ಹಚ್ಚುವ ಹತ್ತಿ ಫಿಲ್ಟರನ್ನು ಹೇಗೆ ನೋಡಿಕೊಳ್ಳಬೇಕು?

ಕೆ ಅಂಡ್ ಎನ್ ಮುಂತಾದ ಹತ್ತಿ ಫಿಲ್ಟರ್‌ಗಳು ತೆಳುವಾದ ಎಣ್ಣೆಯ ಪದರದಿಂದ ಧೂಳನ್ನು ಹಿಡಿಯುತ್ತವೆ. ತೊಳೆಯುವಾಗ ಅದೇ ಕಂಪನಿಯ ಕ್ಲೀನರ್ ಬಳಸಿ, ಒಳಗಿನಿಂದ ಹೊರಗೆ ನೀರು ಹರಿಯುವಂತೆ ಕಡಿಮೆ ಒತ್ತಡದ ನಲ್ಲಿ ನೀರಿನಲ್ಲಿ ತೊಳೆದು, ನೆರಳಿನಲ್ಲಿ ತಾನಾಗಿ ಒಣಗಲು ಬಿಡಬೇಕು. ಗ್ಯಾರೇಜಿನ ಏರ್ ಕಂಪ್ರೆಸರಿನ ಗಾಳಿ ಹೊಡೆದರೆ ಹತ್ತಿಯ ಎಳೆಗಳು ಸರಿದು ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಪೆಟ್ರೋಲಿನಲ್ಲಿ ಅದ್ದುವುದಂತೂ ಸಲ್ಲದು. ಪೂರ್ತಿ ಒಣಗಿದ ಮೇಲೆ ಮಡಿಕೆಗಳ ಉದ್ದಕ್ಕೂ ಎಣ್ಣೆ ಹಾಕಿ, ಬಣ್ಣ ಎಲ್ಲ ಕಡೆ ಸಮನಾಗಿ ಹರಡುವವರೆಗೆ ಕಾಯಿರಿ. ಎಣ್ಣೆ ಕಡಿಮೆಯಾದರೆ ಧೂಳು ದಾಟುತ್ತದೆ, ಹೆಚ್ಚಾದರೆ ಅದು ಗಾಳಿಯ ಜೊತೆ ಹೋಗಿ ಮ್ಯಾಫ್ ಸೆನ್ಸರ್ (ಗಾಳಿಯ ಹರಿವು ಅಳೆಯುವ ಸೆನ್ಸರ್) ಇರುವ ಕಾರಿನಲ್ಲಿ ಅದರ ಬಿಸಿತಂತಿಗೆ ಅಂಟಿಕೊಂಡು ಅಳತೆಯನ್ನು ಕೆಡಿಸುತ್ತದೆ. ತೊಳೆದು ಒಣಗಿಸುವಷ್ಟು ಸಮಯವಿಲ್ಲದವರಿಗೆ ಕಂಪನಿಯ ಕಾಗದದ ಫಿಲ್ಟರನ್ನು ಸಮಯಕ್ಕೆ ಸರಿಯಾಗಿ ಬದಲಿಸುವುದೇ ಉತ್ತಮ ಎಂದು ನನ್ನ ಅಭಿಪ್ರಾಯ.

ಇಂಟೇಕ್ ಹಾಕಿದ ಮೇಲೆ ರೀಮ್ಯಾಪ್ ಮಾಡಿಸಲೇಬೇಕೇ?

ನಿಮ್ಮ ಕಾರು ಗಾಳಿಯನ್ನು ಹೇಗೆ ಅಳೆಯುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಇಎ211 ಟಿಎಸ್ಐ ಎಂಜಿನ್‌ಗಳಲ್ಲಿ ಮ್ಯಾಫ್ ಸೆನ್ಸರ್ ಇಲ್ಲ. ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಉಷ್ಣತೆ ಮತ್ತು ಆರ್‌ಪಿಎಂ ಇವುಗಳಿಂದ ಇಸಿಯು ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಫಿಲ್ಟರ್ ಬದಲಾದರೂ ಆ ಲೆಕ್ಕ ತಪ್ಪುವುದಿಲ್ಲ, ಆದ್ದರಿಂದ ರೀಮ್ಯಾಪ್ ಕಡ್ಡಾಯವಲ್ಲ.

ಮ್ಯಾಫ್ ಸೆನ್ಸರ್ ಇರುವ ಕಾರುಗಳ ಮಾತೇ ಬೇರೆ. ಆ ಸೆನ್ಸರ್ ತಾನು ಕೂತಿರುವ ಪೈಪಿನ ಮಧ್ಯದಲ್ಲಿ ಹಾದುಹೋಗುವ ಗಾಳಿಯನ್ನು ಮಾತ್ರ ಅಳೆದು, ಪೈಪಿನ ಅಡ್ಡಳತೆಯ ಆಧಾರದ ಮೇಲೆ ಒಟ್ಟು ಗಾಳಿಯನ್ನು ಅಂದಾಜು ಮಾಡುತ್ತದೆ. ಪೈಪಿನ ವ್ಯಾಸವನ್ನು ಹಿಗ್ಗಿಸಿದರೆ ಅಷ್ಟೇ ಗಾಳಿ ನಿಧಾನವಾಗಿ ಸಾಗುತ್ತದೆ, ಸೆನ್ಸರ್ ಅದನ್ನು ಕಡಿಮೆ ಗಾಳಿ ಎಂದು ಓದುತ್ತದೆ, ಇಸಿಯು ಕಡಿಮೆ ಪೆಟ್ರೋಲ್ ಬಿಡುತ್ತದೆ. ಬೂಸ್ಟ್ ತುಂಬಿರುವಾಗ ಪೆಟ್ರೋಲ್ ಕಡಿಮೆಯಾದರೆ ನಾಕಿಂಗ್ ಬಂದು ಪಿಸ್ಟನ್ ಒಡೆಯುವವರೆಗೂ ಹೋಗಬಹುದು. ಅಮೆರಿಕದಲ್ಲಿ ಬಹು ಜನಪ್ರಿಯವಾದ ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನ ವಿಷಯದಲ್ಲಿ ಇಂಟೇಕ್ ಬದಲಿಸಿದರೆ ಟ್ಯೂನ್ ಮಾಡಿಸಿಯೇ ಓಡಿಸಬೇಕೆಂದು ಅಲ್ಲಿನವರು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಫಿಲ್ಟರ್ ಡಬ್ಬಿಯ ಹೊರಬಾಯಿಯಲ್ಲೇ ಒಂದು ಪುಟ್ಟ ಸೆನ್ಸರ್ ಎರಡು ಸ್ಕ್ರೂಗಳಿಂದ ಕೂತಿದ್ದು, ಅದಕ್ಕೆ ನಾಲ್ಕೈದು ತಂತಿಗಳ ಸಾಕೆಟ್ ಇದ್ದರೆ ಅದು ಬಹುತೇಕ ಮ್ಯಾಫ್ ಸೆನ್ಸರ್. ಖಚಿತಪಡಿಸಿಕೊಳ್ಳಲು ಒಬಿಡಿ ಉಪಕರಣದಲ್ಲಿ (ಕಾರಿನ ದೋಷ ಮತ್ತು ಸೆನ್ಸರ್ ಅಂಕಿ ಓದುವ ಸಾಧನ) ಗಾಳಿಯ ಹರಿವಿನ ಅಂಕಿ ಬರುತ್ತದೆಯೇ ನೋಡಿ, ಜೊತೆಗೆ ಸರ್ವಿಸ್ ಕೈಪಿಡಿಯನ್ನೂ ನೋಡಿ.

ಸಿಲಿಕಾನ್ ಹೋಸ್ ಕೊಳ್ಳುವಾಗ ಏನು ಗಮನಿಸಬೇಕು?

ಟರ್ಬೊ ಇನ್‌ಲೆಟ್ ಪೈಪಿಗೆ ಎಂಜಿನ್ನಿನ ಒಳಗಿನಿಂದ ಹೊರಬಿಡುವ ಬ್ರೀದರ್ ಗಾಳಿ ಬಂದು ಸೇರುತ್ತದೆ, ಅದರಲ್ಲಿ ಎಣ್ಣೆಯ ಆವಿ ಇರುತ್ತದೆ. ಸಾಮಾನ್ಯ ಸಿಲಿಕಾನ್ ಎಣ್ಣೆಯನ್ನು ಹೀರಿಕೊಂಡು ಕಾಲಕ್ರಮೇಣ ಮೆತ್ತಗಾಗಿ ಹೊರಮೈಯಲ್ಲೂ ಜಿನುಗುತ್ತದೆ. ಒಳಪದರ ಫ್ಲೋರೊಸಿಲಿಕಾನ್ ಇರುವ ಹೋಸ್‌ಗೆ ಆ ತೊಂದರೆ ಇಲ್ಲ. ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಿ. ಟರ್ಬೊವಿಗಿಂತ ಮೊದಲಿನ ಹೋಸ್ ಎಳೆತಕ್ಕೆ ಒಳಗೆ ಕುಸಿಯಬಾರದು, ಆದ್ದರಿಂದ ಕೈಯಲ್ಲಿ ಹಿಸುಕಿ ನೋಡಿ ಅದರ ಗಟ್ಟಿತನವನ್ನು ಮೂಲ ಪೈಪಿಗೆ ಹೋಲಿಸಿ. ಬ್ರೀದರ್ ಪೈಪ್ ಮತ್ತು ಪೆಟ್ರೋಲ್ ಆವಿಯ ಪೈಪ್ ಸೇರುವ ಮೂತಿಗಳು ಮೂಲದ್ದರಲ್ಲಿ ಎಷ್ಟಿವೆಯೋ ಅಷ್ಟೂ ಹೊಸದರಲ್ಲಿ ಇರಬೇಕು. ಯಾವುದಾದರೂ ಒಂದನ್ನು ಮುಚ್ಚಿಬಿಡಿ ಎಂದು ಹೇಳುವ ಕಿಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮನೆಯಲ್ಲೇ ಅಳವಡಿಸಬಹುದೇ? ಕ್ರಮ ಹೇಗೆ?

ಪ್ಯಾನೆಲ್ ಫಿಲ್ಟರ್ ಆದರೆ ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಮಾಡಬಹುದು. ಇನ್‌ಲೆಟ್ ಪೈಪ್ ಬದಲಿಸುವ ಕೆಲಸಕ್ಕೆ ತಾಳ್ಮೆಯೂ ಸರಿಯಾದ ಸ್ಪ್ಯಾನರ್‌ಗಳೂ ಬೇಕು.

ಕೆಲಸಕ್ಕೆ ಮೊದಲು ಕಾರು ಹೇಗಿತ್ತೆಂಬ ದಾಖಲೆ ಇರಲಿ. ಬ್ಲೂಟೂತ್ ಒಬಿಡಿ ಅಡಾಪ್ಟರ್ ಹಾಕಿ, ಒಂದೇ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ, ಸುಮಾರು ಒಂದೇ ಹವೆಯಲ್ಲಿ ಓಡಿಸಿ ಇಂಟೇಕ್ ಉಷ್ಣತೆ, ಮ್ಯಾನಿಫೋಲ್ಡ್ ಒತ್ತಡ, ಫ್ಯೂಯೆಲ್ ಟ್ರಿಮ್ (ಪೆಟ್ರೋಲ್ ಪ್ರಮಾಣದಲ್ಲಿ ಇಸಿಯು ಮಾಡುವ ತಿದ್ದುಪಡಿ) ಇವುಗಳನ್ನು ದಾಖಲಿಸಿಕೊಳ್ಳಿ. ಹೊಸ ಭಾಗ ಹಾಕಿದ ಮೇಲೆ ಅದೇ ಓಟವನ್ನು ಮತ್ತೆ ಮಾಡಿದರೆ ಲಾಭವೋ ನಷ್ಟವೋ ನಿಮಗೇ ತಿಳಿಯುತ್ತದೆ, ಯಾರ ಮಾತನ್ನೂ ನಂಬಿ ಕೂರಬೇಕಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಆರಂಭಿಸಿ. ಟರ್ಬೊ ಮತ್ತು ಅದರ ಎಕ್ಸಾಸ್ಟ್ ಭಾಗ ಕೈ ಸುಡುವಷ್ಟು ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದರೆ ಒಳ್ಳೆಯದು, ಮರಳಿ ಜೋಡಿಸಿದ ಮೇಲೆ ಕಿಟಕಿಯ ಆಟೋ ಸೌಲಭ್ಯವನ್ನು ಮತ್ತೆ ಹೊಂದಿಸಬೇಕಾಗಬಹುದು. ಪ್ರತಿ ಪೈಪನ್ನೂ ಸಾಕೆಟ್ಟನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಡಬ್ಬಿಯನ್ನು ತೆಗೆಯುವ ಮೊದಲೇ ಅದರ ಸುತ್ತಲಿನ ಧೂಳನ್ನು ಒರೆಸಿ, ಇಲ್ಲವಾದರೆ ತೆಗೆಯುವಾಗ ಅದೆಲ್ಲ ತೆರೆದ ಪೈಪಿನೊಳಗೇ ಉದುರುತ್ತದೆ.

ಟರ್ಬೊವಿನ ಬಾಯಿ ತೆರೆದ ಕ್ಷಣದಿಂದ ಅದನ್ನು ಮುಚ್ಚಿಡುವುದು ಈ ಇಡೀ ಕೆಲಸದ ಅತಿ ಮುಖ್ಯ ಹಂತ. ಎಳೆ ಬಿಡುವ ಹಳೆ ಬಟ್ಟೆಯನ್ನು ತುರುಕಬೇಡಿ. ಬಾಯಿಗಿಂತ ದೊಡ್ಡದಾದ, ಒಳಗೆ ಜಾರಲಾರದ, ಎದ್ದು ಕಾಣುವ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಅಥವಾ ಅಗಲವಾದ ಟೇಪ್ ಬಳಸಿ. ಬಿಚ್ಚಿದ ಸ್ಕ್ರೂ, ಕ್ಲ್ಯಾಂಪ್, ವಾಷರ್‌ಗಳನ್ನು ಎಣಿಸಿ ಒಂದು ತಟ್ಟೆಯಲ್ಲಿಡಿ, ಕೊನೆಗೆ ಲೆಕ್ಕ ಸರಿಹೋಗದಿದ್ದರೆ ಅದು ಸಿಗುವವರೆಗೆ ಎಂಜಿನ್ ಚಾಲೂ ಮಾಡಬೇಡಿ. ಸಣ್ಣ ವಾಷರ್ ಒಂದು ಕಂಪ್ರೆಸರಿನೊಳಗೆ ಹೋದರೆ ಇಡೀ ಟರ್ಬೊವನ್ನೇ ಬದಲಿಸಬೇಕಾಗುತ್ತದೆ. ಫಿಲ್ಟರ್ ಇಲ್ಲದೆ ಎಂಜಿನ್ ರೇಸ್ ಮಾಡಿ ಶಬ್ದ ಕೇಳುವ ಆಸೆಯನ್ನೂ ಬಿಟ್ಟುಬಿಡಿ.

ಜೋಡಿಸುವಾಗ ಹೋಸ್‌ನ ಒಳಮೈ ಮತ್ತು ಪೈಪಿನ ಹೊರಮೈ ಎರಡೂ ಎಣ್ಣೆ ಇಲ್ಲದೆ ಒಣಗಿರಲಿ. ಕ್ಲ್ಯಾಂಪ್ ಪೈಪಿನ ತುದಿಯ ಉಬ್ಬಿನ ಹಿಂದೆ ಕೂರಬೇಕು, ಉಬ್ಬಿನ ಮೇಲೆ ಕೂರಬಾರದು. ಬೂಸ್ಟ್ ಇರುವ ಕಡೆಗೆ ಟಿ-ಬೋಲ್ಟ್ ಅಥವಾ ಸ್ಪ್ರಿಂಗ್ ಇರುವ ಕ್ಲ್ಯಾಂಪ್ ಸೂಕ್ತ. ಸಾಮಾನ್ಯ ಸ್ಕ್ರೂ ಕ್ಲ್ಯಾಂಪಿನ ಪಟ್ಟಿಯಲ್ಲಿರುವ ಸೀಳುಗಳು ಸಿಲಿಕಾನನ್ನು ಕತ್ತರಿಸುತ್ತವೆ. ಪ್ಲಾಸ್ಟಿಕ್ ಮೂತಿಯ ಮೇಲೆ ಕ್ಲ್ಯಾಂಪನ್ನು ಬಿಗಿಯುವಾಗ ಕೈಬಲ ತೋರಿಸಿದರೆ ಮೂತಿ ಬಿರಿಯುತ್ತದೆ, ಕಿಟ್ಟಿನ ಸೂಚನೆಯಲ್ಲಿ ಹೇಳಿದ ಟಾರ್ಕಿಗೆ ನಿಲ್ಲಿಸಿ. ಹೊಸ ಪೈಪ್ ಬಾನೆಟ್ಟಿಗಾಗಲಿ, ಬ್ಯಾಟರಿಗಾಗಲಿ, ವೈರಿಂಗಿಗಾಗಲಿ ತಾಗದಂತೆ ಬೆರಳು ತೂರುವಷ್ಟು ಜಾಗ ಇರಬೇಕು, ಏಕೆಂದರೆ ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುತ್ತಲೇ ಇರುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಸಿಲಿಕಾನ್ ಸ್ವಲ್ಪ ಕುಗ್ಗಿ ಕೂರುತ್ತದೆ, ಆಗ ಎಲ್ಲ ಕ್ಲ್ಯಾಂಪ್‌ಗಳನ್ನೂ ಮತ್ತೊಮ್ಮೆ ನೋಡಿ.

ಸೋರಿಕೆ ಇಲ್ಲವೆಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಟರ್ಬೊವಿನ ಒಳಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿದು, ರೆಗ್ಯುಲೇಟರ್ ಇರುವ ಏರ್ ಕಂಪ್ರೆಸರಿನಿಂದ ನಿಧಾನವಾಗಿ ಗಾಳಿ ತುಂಬಿ, ಕೀಲುಗಳ ಮೇಲೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಬರುತ್ತದೆಯೇ ನೋಡುವುದು ಹಳೆಯ, ನಂಬಬಹುದಾದ ವಿಧಾನ. 0.2 ಬಾರ್‌ನಿಂದ ಆರಂಭಿಸಿ 0.7 ಬಾರ್ ದಾಟದಂತೆ ನೋಡಿಕೊಂಡರೆ ಸಾಕು. ಬ್ರೀದರ್ ಮೂತಿಯನ್ನು ಬೇರ್ಪಡಿಸಿ ಮುಚ್ಚದಿದ್ದರೆ ಆ ಒತ್ತಡ ಎಂಜಿನ್ನಿನ ಕ್ರ್ಯಾಂಕ್‌ಕೇಸಿಗೂ ಹೋಗಿ ಆಯಿಲ್ ಸೀಲ್‌ಗಳನ್ನು ಹಾಳುಮಾಡಬಹುದು. ಒತ್ತಡ ತುಂಬಿದ ಮುಚ್ಚಳ ಕಳಚಿ ಸಿಡಿಯುವುದುಂಟು, ಅದರ ನೇರಕ್ಕೆ ಮುಖ ತರಬೇಡಿ. ಈ ಸಲಕರಣೆ ಇಲ್ಲದವರು ಸ್ಮೋಕ್ ಟೆಸ್ಟ್ ಯಂತ್ರ ಇರುವ ಗ್ಯಾರೇಜಿಗೆ ಹೋಗುವುದು ಲೇಸು. ಹೊಗೆ ಸಣ್ಣ ಬಿರುಕನ್ನೂ ತೋರಿಸಿಕೊಡುತ್ತದೆ, ಟರ್ಬೊವಿಗಿಂತ ಮೊದಲಿನ ಭಾಗವನ್ನೂ ಅದೇ ವಿಧಾನದಲ್ಲಿ ನೋಡಬಹುದು.

ಅಳವಡಿಸಿದ ಮೇಲೆ ಚೆಕ್ ಎಂಜಿನ್ ದೀಪ ಹತ್ತಿದೆ. ಏನು ಮಾಡಲಿ?

ಕೋಡ್ ಓದಿಸದೆ ಅಳಿಸಬೇಡಿ. ಪಿ0171 ಬಂದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದರ್ಥ. ಮ್ಯಾಫ್ ಇರುವ ಕಾರಿನಲ್ಲಿ ಸೆನ್ಸರ್ ದಾಟಿದ ಮೇಲೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ, ಇಲ್ಲವೇ ಸೆನ್ಸರಿನ ಪೈಪಿನ ವ್ಯಾಸ ಬದಲಾಗಿದೆ. ಪಿ0101 ಬಂದರೆ ಮ್ಯಾಫ್ ಸೆನ್ಸರಿನ ಓದು ನಂಬುವಂತಿಲ್ಲ, ಎಣ್ಣೆ ಅಂಟಿದೆಯೇ ಅಥವಾ ಸೆನ್ಸರನ್ನು ತಿರುಗಾಮುರುಗಾ ಹಾಕಿದ್ದೀರಾ ನೋಡಿ, ಗಾಳಿಯ ದಿಕ್ಕಿನ ಬಾಣದ ಗುರುತು ಅದರ ಮೇಲೆಯೇ ಇರುತ್ತದೆ. ಪಿ0299 ಎಂದರೆ ಕೇಳಿದಷ್ಟು ಬೂಸ್ಟ್ ಸಿಗುತ್ತಿಲ್ಲ ಎಂದು. ಹೋಸ್ ಕಳಚಿರುವುದೇ ಇದಕ್ಕೆ ಹೆಚ್ಚಿನ ವೇಳೆ ಕಾರಣ. ದೀಪ ಹತ್ತದಿದ್ದರೂ ದೀರ್ಘಾವಧಿ ಫ್ಯೂಯೆಲ್ ಟ್ರಿಮ್ ಮೊದಲಿಗಿಂತ ಶೇಕಡಾ ಹತ್ತರಷ್ಟು ಸರಿದಿದ್ದರೆ ಹೊಸ ಭಾಗದಲ್ಲಿ ದೋಷವಿದೆಯೆಂದೇ ತಿಳಿದು ಹುಡುಕಿ. ದೀಪ ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಉರಿಯದ ಮಿಸ್‌ಫೈರ್ ಆಗುತ್ತಿದೆ, ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡಬಹುದು, ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

ಗಾಳಿಯನ್ನು ಹೊರಗೆ ಬಿಟ್ಟು ಶಬ್ದ ಮಾಡುವ ಬ್ಲೋ ಆಫ್ ವಾಲ್ವ್ ಹಾಕಬಹುದೇ?

ಮ್ಯಾಫ್ ಇರುವ ಕಾರಿಗೆ ಬೇಡ. ಇಸಿಯು ಅಳೆದು ಪೆಟ್ರೋಲ್ ಲೆಕ್ಕ ಹಾಕಿದ ಗಾಳಿಯನ್ನೇ ನೀವು ಹೊರಗೆ ಬಿಡುತ್ತೀರಿ, ಗೇರ್ ಬದಲಿಸಿದಾಗಲೆಲ್ಲ ಪೆಟ್ರೋಲ್ ಹೆಚ್ಚಾಗಿ ಸುಡದೆ ಹೊರಹೋಗುತ್ತದೆ. ಮ್ಯಾಫ್ ಇಲ್ಲದೆ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರಿಗೆ ಆ ತೊಂದರೆ ಇಲ್ಲದಿದ್ದರೂ ಶಕ್ತಿಯ ಲಾಭವೇನೂ ಇಲ್ಲ, ಸೋರಿಕೆಗೆ ಇನ್ನೊಂದು ಕೀಲು ಹೆಚ್ಚಾಗುತ್ತದೆ ಅಷ್ಟೆ.

ಮಳೆಗಾಲದಲ್ಲಿ ತೊಂದರೆಯಾಗುತ್ತದೆಯೇ?

ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವ ಉದ್ದ ಪೈಪಿನ ಕಿಟ್‌ಗಳು ತಣ್ಣನೆಯ ಗಾಳಿಯನ್ನೇನೋ ಕೊಡುತ್ತವೆ, ಆದರೆ ನಮ್ಮಲ್ಲಿ ಅವನ್ನು ಹಾಕಲೇಬಾರದು ಎಂದು ನಾನು ಹೇಳುತ್ತೇನೆ. ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ಒಂದು ಗಂಟೆಯ ಮಳೆಗೆ ನಿಲ್ಲುವ ನೀರು, ಕರಾವಳಿಯ ಜೂನ್ ಜುಲೈ ತಿಂಗಳ ರಸ್ತೆಗಳು, ಇವುಗಳ ಎದುರಿನಲ್ಲಿ ಬಂಪರಿನ ಎತ್ತರ ಏನೇನೂ ಸಾಲದು. ನೀರು ಸಂಕುಚಿಸುವುದಿಲ್ಲವಾದ್ದರಿಂದ ಸಿಲಿಂಡರಿಗೆ ನೀರು ಹೋದರೆ ಮೇಲೇರುವ ಪಿಸ್ಟನ್ ತಡೆದು ನಿಂತು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಯಾವ ಕಾರಣಕ್ಕೂ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಇಂಥ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ.

ಬರೀ ಮಳೆಹನಿಗೆ ಹೆದರಬೇಕಿಲ್ಲ. ಆದರೆ ಕಾಗದದ ಫಿಲ್ಟರ್ ನೆನೆದರೆ ಅದರ ತಡೆ ಹೆಚ್ಚುತ್ತದೆ. ಆಗುಂಬೆ, ಶಿರಾಡಿ ಘಾಟಿಗಳಲ್ಲಿ ದಿನವಿಡೀ ಮಳೆಯಲ್ಲಿ ಓಡಿಸಿ ಬಂದ ಮೇಲೆ ಡಬ್ಬಿ ತೆಗೆದು, ಕೆಳಗಿನ ನೀರು ಬಸಿಯುವ ತೂತಿಗೆ ಎಲೆ ಕೆಸರು ಕಟ್ಟಿಲ್ಲವೆಂದು ನೋಡಿಕೊಳ್ಳಿ.

ಕಾನೂನು, ವಾರಂಟಿ, ವಿಮೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿಯಲ್ಲಿರುವ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಮೂಲ ಡಬ್ಬಿಯೊಳಗಿನ ಪ್ಯಾನೆಲ್ ಫಿಲ್ಟರನ್ನು ಬದಲಿ ಭಾಗ ಎಂದು ನೋಡುವುದು ಸಹಜ. ಡಬ್ಬಿಯನ್ನೇ ತೆಗೆದುಹಾಕಿ ಶಬ್ದ ಹೆಚ್ಚಿಸುವ ಕಿಟ್ ಹಾಗಲ್ಲ. ಪೊಲೀಸರಾಗಲಿ ಆರ್‌ಟಿಓ ಅಧಿಕಾರಿಗಳಾಗಲಿ ಆಕ್ಷೇಪಿಸಿದರೆ ವಾದಿಸಲು ನಿಮ್ಮ ಬಳಿ ಹೆಚ್ಚೇನೂ ಇರುವುದಿಲ್ಲ.

ವಾರಂಟಿಯ ವಿಷಯದಲ್ಲಿ ಅಮೆರಿಕದವರ ಸಲಹೆಗಳನ್ನು ಓದಿ ಧೈರ್ಯ ತಂದುಕೊಳ್ಳಬೇಡಿ. ಹೊರಗಿನ ಭಾಗ ಬಳಸಿದ ಮಾತ್ರಕ್ಕೆ ವಾರಂಟಿ ನಿರಾಕರಿಸಬಾರದೆಂದು ಅವರು ಹೇಳುವುದು ಅಲ್ಲಿನ 1975ರ ಮ್ಯಾಗ್ನಸನ್ ಮಾಸ್ ಕಾಯ್ದೆಯ ಬಲದಿಂದ, ಆ ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ. ನಿಮ್ಮ ವಾರಂಟಿ ಪುಸ್ತಕದಲ್ಲಿ ಮಾರ್ಪಾಡಿನ ಬಗ್ಗೆ ಬರೆದಿರುವ ಸಾಲುಗಳನ್ನೇ ಓದಿ. ವಿಮಾ ಕಂಪನಿಗೆ ಮಾರ್ಪಾಡನ್ನು ಲಿಖಿತವಾಗಿ ತಿಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಕ್ಯಾಲಿಫೋರ್ನಿಯಾದಲ್ಲಿ ಕಾರು ಇದ್ದರೆ, ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಆ ಭಾಗಕ್ಕೂ ನಿಮ್ಮ ಕಾರಿನ ಮಾದರಿಗೂ ಕೊಟ್ಟ ಅನುಮತಿ ಸಂಖ್ಯೆಯ ಸ್ಟಿಕ್ಕರ್ ಬಾನೆಟ್ ಒಳಗೆ ಇರಬೇಕು. ಇಲ್ಲದಿದ್ದರೆ ಸ್ಮಾಗ್ ಪರೀಕ್ಷೆಯಲ್ಲಿ ಕಣ್ಣಿನಿಂದ ನೋಡಿ ಪರಿಶೀಲಿಸುವ ಹಂತದಲ್ಲೇ ಕಾರು ಅನುತ್ತೀರ್ಣವಾಗುತ್ತದೆ.

ಡೀಸೆಲ್ ಟರ್ಬೊ ಕಾರಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಧೂಳು, ಸೋರಿಕೆ, ನೀರಿನ ಮಾತು ಅಕ್ಷರಶಃ ಅನ್ವಯಿಸುತ್ತದೆ. ಆದರೆ ಡೀಸೆಲ್ ಕಾರುಗಳಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವ್ಯವಸ್ಥೆ) ನಿಯಂತ್ರಣಕ್ಕೆ ಮ್ಯಾಫ್ ಸೆನ್ಸರಿನ ಓದನ್ನೇ ನೆಚ್ಚುವುದು ಹೆಚ್ಚು. ಅದು ತಪ್ಪಿದರೆ ಹೊಗೆ ಹೆಚ್ಚಿ ಡಿಪಿಎಫ್ (ಹೊಗೆಯ ಮಸಿ ತಡೆಯುವ ಫಿಲ್ಟರ್) ಬೇಗ ಕಟ್ಟಿಕೊಳ್ಳುತ್ತದೆ. ಬಿಎಸ್6 ಡೀಸೆಲ್ ಕಾರಿನ ಇಂಟೇಕ್ ಪೈಪನ್ನು ಮುಟ್ಟದಿರುವುದೇ ಒಳ್ಳೆಯದು.

ತೆಗೆದ ಮೂಲ ಭಾಗಗಳನ್ನು ಏನು ಮಾಡಬೇಕು?

ಡಬ್ಬಿ, ನಳಿಕೆ, ಪೈಪ್, ಅವುಗಳ ಒಂದೊಂದು ಸ್ಕ್ರೂ, ರಬ್ಬರ್ ಬುಶ್ ಮತ್ತು ಕ್ಲ್ಯಾಂಪ್ ಸಮೇತ ಒರೆಸಿ, ಪೈಪಿನ ಬಾಯಿಗಳಿಗೆ ಟೇಪ್ ಹಚ್ಚಿ, ಇಲಿ ಹೆಗ್ಗಣ ಸೇರದ ಕಡೆ ರಟ್ಟಿನ ಪೆಟ್ಟಿಗೆಯಲ್ಲಿಡಿ. ವಾರಂಟಿ ಕೆಲಸಕ್ಕೆ, ತಪಾಸಣೆಗೆ, ಕಾರು ಮಾರುವಾಗ ಅವು ಬೇಕಾಗುತ್ತವೆ. ಬಿಡಿಯಾಗಿ ಕೊಳ್ಳಲು ಹೋದರೆ ಮೂಲ ಡಬ್ಬಿಯ ಬೆಲೆ ಕೆಲವೊಮ್ಮೆ ಹೊರಗಿನ ಕಿಟ್ಟಿನ ಬೆಲೆಯನ್ನೇ ಮೀರುವುದುಂಟು.